ಸಂಜೆ ಐದರೊಳಗೆ ಇಪ್ಪತ್ತನೇ ಅಧ್ಯಾಯ

ಮುನೇಶ ಮೂರನೇ ಚೊಂಬು ಬಿಸಿನೀರನ್ನು ಅಪ್ಪನ ತಲೆಯ ಮೇಲೆ ಹುಯ್ಯುತ್ತಿರುವಾಗಲೇ ಅಮೃತಳ ಕೈಯಲ್ಲಿದ್ದ ಅವನ ಫೋನು ಹೊಡೆದುಕೊಳ್ಳತೊಡಗಿತು.

“ಎತ್ತಮ್ಮ. ಯಾರೋ ನೆಂಟ್ರು ದಾರಿ ಕೇಳೋಕೆ ಮಾಡಿರ್ತಾರೆ” ಎಂದು ಮುನೇಶ ಕಣ್ಣನ್ನು ತೋಳಿಗೆ ಒತ್ತಿಕೊಂಡ. ಒದ್ದೆ ಪಂಚೆಯಲ್ಲಿ ಫೋನು ಇಟ್ಟುಕೊಳ್ಳಲು ಜಾಗವಿಲ್ಲದೆ ಅವನೇ ಅದನ್ನು ಚಿಕ್ಕಪ್ಪನ ಮಗಳ ಕೈಗೆ ಕೊಟ್ಟಿದ್ದ.

ಫೋನಿನಲ್ಲಿ ಮಾತಾಡುವುದೆಂದರೆ ಅಮೃತಳಿಗೆ ನಾಲಿಗೆ ಅಂಟಿಕೊಳ್ಳುತ್ತಿತ್ತು. ಹೆದರುತ್ತಲೇ ಹಸಿರು ಗುಂಡಿ ಒತ್ತಿ ಕಿವಿಗಿಟ್ಟುಕೊಂಡಳು.

“ಮುನಿಗಂಗಪ್ಪನವರ ಮನೇನಾ? ನಾನು ರಮೇಶ್‌ಬಾಬು ಅಂತ, ಬೆಂಗಳೂರಿಂದ. ಪ್ರಕಾಶಕರು. ಅವರಿಗೆ ಕೊಡೀಮ್ಮ ಸ್ವಲ್ಪ.”

ಅಮೃತ ತಲೆಯೆತ್ತಿ ನೋಡಿದಳು. ಅಂಗಳದ ಬೆಂಚಿನ ಮೇಲೆ ದೊಡ್ಡಪ್ಪನನ್ನು ಕೂರಿಸಿದ್ದರು. ಒಂದು ಭುಜವನ್ನು ಕೇರಿಯ ಹಿರಿಯ ಬಯ್ಯಪ್ಪ, ಇನ್ನೊಂದನ್ನು ಪೋಸ್ಟ್‌ಮನ್ ನಲ್ಲಪ್ಪ ಹಿಡಿದುಕೊಂಡಿದ್ದರು. ಸೋಪಿನ ನೊರೆ ದೊಡ್ಡಪ್ಪನ ಕಿವಿಯ ಹಿಂದಿನಿಂದ ಇಳಿದು ಎದೆಯ ಬಿಳಿ ಕೂದಲಲ್ಲಿ ನಿಂತಿತ್ತು.

“ಅವ್ರು… ಸ್ನಾನಕ್ಕೆ ಕೂತಿದಾರೆ” ಎಂದಳು.

“ಹೌದಾ? ಹಂಗಾದ್ರೆ ನೀವೇ ಹೇಳಿಬಿಡಿ. ಮೂರು ತಿಂಗಳಿಂದ ಕಾರ್ಡ್ ಹಾಕಿ ಹಾಕಿ ಸುಸ್ತಾದೆ. ಇವತ್ತು ಸಂಜೆ ಐದು ಗಂಟೆ ಒಳಗೆ ಇಪ್ಪತ್ತನೇ ಅಧ್ಯಾಯ ನನ್ನ ಮೇಜಿನ ಮೇಲೆ ಇರಬೇಕು. ಹತ್ತೊಂಬತ್ತೂ ಕಂಪೋಸ್ ಆಗಿ, ಪ್ರೂಫ್ ನೋಡಿ, ಕೂತಿವೆ. ಆರು ಪುಸ್ತಕ ಒಟ್ಟಿಗೆ ಪ್ರೆಸ್ಸಿಗೆ ಹೋಗ್ತಿದೆ. ಬರ್ಲಿಲ್ಲ ಅಂದ್ರೆ ಐದೇ ಹೋಗ್ತವೆ. ಡಿಸೆಂಬರ್ ದಾಟಿದ್ರೆ ಆಮೇಲೆ ಯಾವಾಗ ಅಂತ ನಾನು ಮಾತು ಕೊಡಲ್ಲ. ತಿಳೀತಾ?”

“ಹೂಂ.”

“ಆ ಡಬ್ಬಿ ಕೊನೆ ಇದೆಯಲ್ಲ, ಅದಕ್ಕೋಸ್ಕರನೇ ನಾನು ಈ ಪುಸ್ತಕ ಒಪ್ಪಿದ್ದು ಅಂತ ನೆನಪು ಮಾಡಿ.”

ಫೋನು ಸುಮ್ಮನಾಯಿತು. ಅಮೃತ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಲ್ಲೇ ನಿಂತಳು.

“ಯಾರಮ್ಮ?” ಎಂದ ಮುನೇಶ.

“ಪ್ರಕಾಶಕರು. ದೊಡ್ಡಪ್ಪನ ಪುಸ್ತಕ… ಅಚ್ಚಿಗೆ ಹೋಗ್ತಿದೆಯಂತೆ ಅಣ್ಣ. ಇವತ್ತೇ.”

ಚೊಂಬು ಮುನೇಶನ ಕೈಯಲ್ಲೇ ನಿಂತಿತು. ಅಂಗಳದಲ್ಲಿ ಅಳುತ್ತಿದ್ದ ಹೆಂಗಸರೂ ಒಂದು ಗಳಿಗೆ ಅಳು ಬಿಟ್ಟು ಇತ್ತ ತಿರುಗಿದರು.

“ನೀನೇನು ಹೇಳ್ದೆ?” ಎಂದ ಬಯ್ಯಪ್ಪ.

“ಸ್ನಾನಕ್ಕೆ ಕೂತಿದಾರೆ ಅಂದೆ.”

ನಲ್ಲಪ್ಪ ಮೊದಲು ಮೂಗಿನಲ್ಲಿ ನಕ್ಕ. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಅವನ ಭುಜ ಕುಲುಕಿದ್ದಕ್ಕೆ ಅವನು ಹಿಡಿದಿದ್ದ ಮುನಿಗಂಗಪ್ಪನ ತಲೆಯೂ ಹೂಂ ಎನ್ನುವಂತೆ ಅಲ್ಲಾಡಿತು. ಅದನ್ನು ನೋಡಿ ಬಯ್ಯಪ್ಪನೂ ನಕ್ಕ, ಮುನೇಶನೂ ನಕ್ಕ. ನಗುತ್ತಲೇ ಮುನೇಶನಿಗೆ ಅಳು ಬಂತು.

“ಸುಳ್ಳೇನು ಹೇಳ್ಲಿಲ್ವಲ್ಲ ಹುಡುಗಿ” ಎಂದ ನಲ್ಲಪ್ಪ. “ಇಪ್ಪತ್ತೆರಡು ವರ್ಷ ಈ ಬಾಗಿಲಿಗೆ ವಾಪಸ್ ಬಂದ ಕವರ್ ತಂದು ಹಾಕಿದೋನು ನಾನು. ಅವನೇ ಸ್ಟಾಂಪು ಅಂಟಿಸಿ ಅವನೇ ವಿಳಾಸ ಬರೆದು ಕಳಿಸಿದ ಕವರು ಅವನಿಗೇ ಬರೋದು. ಗಂಗಪ್ಪ, ನಿನಗೆ ನೀನೇ ಕಾಗದ ಬರ್ಕೊಳ್ತೀಯಲ್ಲೋ ಅಂತ ರೇಗಿಸ್ತಿದ್ದೆ. ಇವತ್ತು ಬೇಕು ಅಂತ ಕೇಳ್ತಿದಾರೆ, ಇವನು ನೋಡು, ಕಣ್ಣು ಮುಚ್ಕೊಂಡು ಕೂತವ್ನೆ.”

* * *

ಮುನಿಗಂಗಪ್ಪ ಕುಡುಮಲಕುಂಟೆಯಲ್ಲಿ ಮೋಟಾರಿಗೆ ತಂತಿ ಸುತ್ತುವ ಕಾರ್ಖಾನೆಯೊಂದರ ಗೇಟಿನಲ್ಲಿ ಇಪ್ಪತ್ತೆಂಟು ವರ್ಷ ನಿಂತವನು. ಲಾರಿ ಒಳಗೆ ಬಂದರೆ ಗೇಟ್ ಪಾಸ್ ಹರಿದು ಕೊಡುವುದು, ಹೊರಗೆ ಹೋಗುವಾಗ ಇಸಿದುಕೊಳ್ಳುವುದು, ಪಾಳಿ ಮುಗಿಸಿ ಮನೆಗೆ ಹೋಗುವವರ ಚೀಲ, ಊಟದ ಡಬ್ಬಿ ತಡಕುವುದು, ಇಷ್ಟೇ ಕೆಲಸ. ವಾಪಸ್ ಬಂದ ಗೇಟ್ ಪಾಸುಗಳನ್ನು ಸುಡುವ ಬದಲು ಮನೆಗೆ ತರುತ್ತಿದ್ದ. ಅವುಗಳ ಬೆನ್ನ ಮೇಲೆ ಕತೆ ಬರೆಯುತ್ತಿದ್ದ. ಬರೆದು, ದಾರದಿಂದ ಹೊಲಿದು, ವಾರಪತ್ರಿಕೆಗಳಿಗೂ ಪ್ರಕಾಶಕರಿಗೂ ಕಳಿಸುತ್ತಿದ್ದ.

ಒಮ್ಮೆ ಒಬ್ಬ ಸಂಪಾದಕರು ಕತೆ ವಾಪಸ್ ಕಳಿಸುವಾಗ ಮೂಲೆಯಲ್ಲಿ ಕೆಂಪು ಇಂಕಿನಲ್ಲಿ “ದಯವಿಟ್ಟು ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ” ಎಂದು ಗೀಚಿದ್ದರು. ಅದಕ್ಕೆ ಅವನು ಮೂರು ಪುಟದ ಉತ್ತರ ಬರೆದ. ‘ಮಾನ್ಯರೇ, ನಾನು ಬರೆದಿರುವುದು ಒಂದೇ ಮಗ್ಗುಲು. ಇನ್ನೊಂದು ಮಗ್ಗುಲು ಕಾರ್ಖಾನೆಯದು. ಅದನ್ನು ತಾವು ಓದಬೇಕಾಗಿಲ್ಲ.’

ಆ ಉತ್ತರವನ್ನೂ ಗೇಟ್ ಪಾಸಿನ ಬೆನ್ನ ಮೇಲೆಯೇ ಬರೆದಿದ್ದ.

ಅಮೃತ ಆ ಮನೆಯ ಪಕ್ಕದ ಮನೆಯವಳು, ಮುನಿಗಂಗಪ್ಪನ ತಮ್ಮನ ಮಗಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಗರಬತ್ತಿ ಹೊಸೆಯಲು ಕೂತಿದ್ದಳು. ದುಂಡು ಅಕ್ಷರ ಚೆನ್ನಾಗಿದೆಯೆಂದು ದೊಡ್ಡಪ್ಪ ಅವಳಿಗೆ ಬಿಳಿ ಹಾಳೆ ತಂದುಕೊಟ್ಟು ಫೇರ್ ಕಾಪಿ ಮಾಡಲು ಹೇಳಿದ. ಅಂಚು ಎಷ್ಟು ಬಿಡಬೇಕು, ಅಧ್ಯಾಯದ ಮೊದಲ ಸಾಲು ಎಲ್ಲಿ ಶುರುವಾಗಬೇಕು, ಮಾತು ಬಂದಾಗ ಗುರುತು ಹೇಗೆ ಹಾಕಬೇಕು ಎಲ್ಲ ಅಲ್ಲಿಂದಲೇ ಕಲಿತಳು. ಎಂಟು ವರ್ಷ ಅವನ ಅಕ್ಷರದ ಹಿಂದೆ ಹಿಂದೆ ನಡೆದು ನಡೆದು, ಅವನು ಮುಂದೆ ಯಾವ ಪದ ಇಡುತ್ತಾನೆ ಎಂಬುದು ಅವಳಿಗೆ ಮೊದಲೇ ತಿಳಿಯುತ್ತಿತ್ತು. ಬಾಯಿ ಬಿಟ್ಟು ಮಾತ್ರ ಯಾರಿಗೂ ಏನೂ ಹೇಳುತ್ತಿರಲಿಲ್ಲ.

ರಿಟೈರಾದ ಮೇಲೆ ಅವನು ಒಂದು ಕಾದಂಬರಿ ಬರೆದ. ಹೆಸರು ‘ಉಣ್ಣದ ಮುದ್ದೆ’. ಅದನ್ನು ಅಂಚೆಗೆ ಹಾಕಲು ಅವನಿಗೆ ಮನಸ್ಸಾಗಲಿಲ್ಲ. “ಇದನ್ನ ಕೈಯಾರೆ ಕೊಡಬೇಕು ಕಣಮ್ಮ. ಜೊತೆಗೆ ನೀನು ಬಾ. ಅಕ್ಷರ ನಿಂದಲ್ವಾ” ಎಂದು ಸೆಪ್ಟೆಂಬರಿನಲ್ಲಿ ಅವಳನ್ನು ಹಿಂದೂಪುರದ ಕಡೆಯಿಂದ ಬರುವ ರೈಲು ಹತ್ತಿಸಿದ. ಅವನ ಹೆಂಡತಿ ಮಂಗಮ್ಮ ಹಸ್ತಪ್ರತಿಯನ್ನು ರಾಗಿಯ ಚೀಲದಂತೆ ಬಿಗಿಯಾಗಿ ಟವಲಿನಲ್ಲಿ ಕಟ್ಟಿಕೊಟ್ಟಿದ್ದಳು.

ಬೆಂಗಳೂರಿನಲ್ಲಿ ಪ್ರಕಾಶಕರ ಆಫೀಸೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಮೇಜಿನ ಮೇಲೆ, ಕುರ್ಚಿಯ ಮೇಲೆ, ಕಿಟಕಿಯಲ್ಲಿ ಪುಸ್ತಕ. ರಮೇಶ್‌ಬಾಬು ಗಂಟನ್ನು ಬಿಚ್ಚಲೇ ಇಲ್ಲ.

“ಓದೋಕೆ ಇಂಥವು ನಲವತ್ತಿವೆ ಯಜಮಾನ್ರೇ. ಕತೆ ಏನು, ಎರಡು ಮಾತಲ್ಲಿ ಹೇಳಿ.”

“ಎರಡು ಮಾತಲ್ಲಿ ಹೇಳೋಕೆ ಆಗಿದ್ರೆ ಇನ್ನೂರ ಹನ್ನೆರಡು ಪುಟ ಯಾಕ್ ಸಾರ್ ಬರೀತಿದ್ದೆ?” ಎಂದ ಮುನಿಗಂಗಪ್ಪ.

ರಮೇಶ್‌ಬಾಬು ನಕ್ಕರು. ಆದರೆ ಅವರ ಕಣ್ಣು ಗೋಡೆಯ ಗಡಿಯಾರದ ಕಡೆಗೆ ಹೋದದ್ದು ಅಮೃತಳಿಗೆ ಕಂಡಿತು. ದೊಡ್ಡಪ್ಪ ಮತ್ತೇನೋ ಹೇಳಲು ಹೋಗಿ ತೊದಲಿದ. ಇಪ್ಪತ್ತೆಂಟು ವರ್ಷ ಲಾರಿಗಳನ್ನು ತಡೆದು ನಿಲ್ಲಿಸಿದವನಿಗೆ ಆ ಮೇಜಿನ ಮುಂದೆ ಒಂದು ವಾಕ್ಯ ಮುಗಿಸಲಾಗಲಿಲ್ಲ. ಇನ್ನೊಂದು ನಿಮಿಷವಾದರೆ ಅವರು ಕೈ ಮುಗಿದು ಕಳಿಸಿಬಿಡುತ್ತಾರೆ.

“ಒಬ್ಬ ಗೇಟ್‌ಮನ್ ಇರ್ತಾನೆ ಸಾರ್” ಎಂದಿತು ಒಂದು ದನಿ. ಅದು ತನ್ನದೇ ಎಂದು ಅಮೃತಳಿಗೆ ಆಮೇಲೆ ಗೊತ್ತಾಯಿತು. “ಕೆಲಸ ಮುಗಿಸಿ ಹೋಗೋ ಹೆಂಗಸರ ಡಬ್ಬಿ ನೋಡೋದು ಅವನ ಕೆಲಸ. ಒಂದಿನ ಒಬ್ಬಳ ಡಬ್ಬೀಲಿ ಮುದ್ದೆ ಹಂಗೇ ಇರುತ್ತೆ. ಬೆಳಗಿಂದ ದುಡಿದೋಳು ಮುದ್ದೆ ಯಾಕೆ ಉಣ್ಣಲಿಲ್ಲ ಅಂತ ಅವನು ಮುರಿದು ನೋಡ್ತಾನೆ. ಒಳಗೆ ತಾಮ್ರದ ತಂತಿ ಸುತ್ತಿ ಇಟ್ಟಿರುತ್ತೆ.”

ರಮೇಶ್‌ಬಾಬು ಗಡಿಯಾರ ಬಿಟ್ಟು ಅವಳ ಕಡೆ ನೋಡಿದರು. “ಆಮೇಲೆ?”

“ಆಮೇಲೆ…” ಅಮೃತ ಟವಲಿನ ಗಂಟಿನ ಮೇಲೆ ಕೈಯಿಟ್ಟಳು. “ಅವನು ಮುಚ್ಚಳ ಹಾಕಿ ಕಳಿಸಿಬಿಡ್ತಾನೆ. ಮಾರನೇ ದಿನ ತನ್ನ ಡಬ್ಬಿ ತಂದು ಅವಳ ಮುಂದೆ ಇಟ್ಟು, ‘ನಂದೂ ನೋಡಮ್ಮ’ ಅಂತಾನೆ.”

ರಮೇಶ್‌ಬಾಬು ತಾವೇ ಟವಲಿನ ಗಂಟು ಬಿಚ್ಚಿದರು. “ಇಟ್ಟು ಹೋಗಿ” ಎಂದರು.

ಮುನಿಗಂಗಪ್ಪ ಕೈ ಚಾಚಿ ಕೊನೆಯ ಹತ್ತು ಹಾಳೆ ಎಳೆದುಕೊಂಡ. “ಇಪ್ಪತ್ತನೇ ಅಧ್ಯಾಯ ಇನ್ನೊಂದು ಸಲ ನೋಡಬೇಕು ಸಾರ್. ಕಳಿಸ್ತೀನಿ.”

ಹಿಂದಿರುಗುವ ರೈಲು ದೊಡ್ಡಬಳ್ಳಾಪುರ ದಾಟಿದ ಮೇಲೆ ಅವನು, “ಆ ಕೊನೆ ಯಾರು ಬರೆದದ್ದು?” ಎಂದ.

“ಬಾಯಿಗೆ ಬಂತು ದೊಡ್ಡಪ್ಪ.”

“ಹಂಗೆ ನಡೀಲಿಲ್ಲ.”

“ಕತೇಲಿ ನಡೀಬಹುದಲ್ಲ?”

“ಕತೇಲಿ ಏನು ಬೇಕಾದ್ರೂ ನಡೀಬಹುದು. ನಾನು ಮಾಡಿದ್ನಾ?” ಅವನು ಕಿಟಕಿಯ ಸರಳು ಹಿಡಿದುಕೊಂಡ. “ನಾನು ಆಫೀಸರನ್ನ ಕರೆದೆ. ಅವಳ ಹೆಸರು ಚಿಕ್ಕವೆಂಕಟಮ್ಮ. ನಗರಗೆರೆಯೋಳು. ಕೆಲಸ ಹೋಯ್ತು. ಡಬ್ಬೀನೂ ಕೊಡ್ಲಿಲ್ಲ, ಸಾಕ್ಷಿ ಅಂತ ಒಳಗೇ ಇಟ್ಕೊಂಡ್ರು. ನನ್ನ ಹೆಸರು ನೋಟಿಸ್ ಬೋರ್ಡಲ್ಲಿ ಹಾಕಿದ್ರು, ಪ್ರಾಮಾಣಿಕ ನೌಕರ ಅಂತ. ಒಂದು ತಿಂಗಳು ಇತ್ತು ಅದು. ನಾನು ಬರೆದಿರೋ ಕೊನೆ ಅದೇ. ಅದನ್ನ ಬರಿಯೋಕೇ ಇಡೀ ಪುಸ್ತಕ ಬರೆದದ್ದು ಕಣಮ್ಮ.”

“ಅದನ್ನ ಕಳಿಸಿದ್ರೆ ಅವರು ಅಚ್ಚು ಹಾಕಲ್ಲ.”

“ಹಾಕದಿದ್ರೆ ಬೇಡ.”

ಆದರೆ ಅವನು ಅದನ್ನೂ ಕಳಿಸಲಿಲ್ಲ. ಅಮೃತ ತನ್ನ ಕೊನೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಅವನ ಟ್ರಂಕಿನಲ್ಲಿ ಇಟ್ಟಳು. ಎರಡೂ ಅಲ್ಲೇ ಮೂರು ತಿಂಗಳು ಒಂದರ ಮೇಲೊಂದು ಮಲಗಿದ್ದವು. ನಿನ್ನೆ ಸಂಜೆ ಟೀ ಕುಡಿದು ಲೋಟ ಕೆಳಗಿಟ್ಟ ಮುನಿಗಂಗಪ್ಪ ಮತ್ತೆ ತಲೆಯೆತ್ತಲಿಲ್ಲ.

* * *

ಹನ್ನೊಂದು ಗಂಟೆಗೆ ಹೆಣವನ್ನು ಚಟ್ಟದ ಪಕ್ಕ ಚಾಪೆಯ ಮೇಲೆ ಮಲಗಿಸಿ, ತಲೆಯ ಹತ್ತಿರ ಬುದ್ಧನ ಪಟವಿಟ್ಟು ಊದುಬತ್ತಿ ಹಚ್ಚಿದರು. ಊದುಬತ್ತಿ ಅಮೃತಳೇ ಹೊಸೆದದ್ದು. ಒಳಗೆ, ಟ್ರಂಕಿನ ಮುಂದೆ, ಅವಳೂ ಮುನೇಶನೂ ಎರಡು ಕಂತೆಗಳನ್ನು ಹರಡಿಕೊಂಡು ಕೂತಿದ್ದರು.

“ಫ್ಯಾಕ್ಸ್ ಮಾಡಣ ಅಂದ್ರೆ ಆವಯ್ಯನ ಆಫೀಸಲ್ಲಿ ಫ್ಯಾಕ್ಸ್ ಇಲ್ವಂತೆ. ನಲ್ಲಪ್ಪ ಸ್ಪೀಡ್ ಪೋಸ್ಟ್ ಅಂತಾನೆ, ನಾಳೆ ಸೇರುತ್ತೆ. ಯಾರಾದ್ರೂ ಹೋಗಬೇಕು. ಅದಿರಲಿ, ಯಾವುದು ಕಳಿಸೋದು?” ಎಂದ ಮುನೇಶ.

ಅಮೃತ ಎರಡೂ ಕಂತೆಗಳ ಅಂಚು ಸರಿಮಾಡಿದಳು.

“ಅವರು ಒಪ್ಪಿದ್ದು ನಿಂದು. ನಿಂದೇ ಕಳಿಸು. ಅಪ್ಪ ಏನು ಎದ್ದು ಬಂದು ಕೇಳ್ತಾರಾ?”

ಆ ಮಾತು ಅವಳಿಗೆ ಚುಚ್ಚಿತು. ಎದ್ದು ಬಂದು ಕೇಳುವುದಿಲ್ಲ ಎಂಬುದೇ ತೊಂದರೆ. ಕೇಳುವ ಹಾಗಿದ್ದರೆ ಇನ್ನೊಂದು ಸಲ ಜಗಳವಾಡಬಹುದಿತ್ತು. ತನ್ನದನ್ನು ಕಳಿಸಿದರೆ ಪುಸ್ತಕವಾಗುತ್ತದೆ, ದೊಡ್ಡಪ್ಪ ಇಷ್ಟು ವರ್ಷ ಹೇಳಬೇಕೆಂದುಕೊಂಡಿದ್ದ ಮಾತಿನ ಮೇಲೆ ಬೇರೆ ಮಾತು ಕೂತುಬಿಡುತ್ತದೆ. ಅವನದನ್ನು ಕಳಿಸಿದರೆ ಮಾತು ಉಳಿಯುತ್ತದೆ, ಪುಸ್ತಕ ಹೋಗುತ್ತದೆ. ಅವಳು ಒಂದು ಕಂತೆ ಎತ್ತಿದಳು, ಇಟ್ಟಳು. ಇನ್ನೊಂದು ಎತ್ತಿದಳು. ಗಂಟೆ ಹನ್ನೊಂದೂಕಾಲು. ರೈಲು ಒಂದೂ ಇಪ್ಪತ್ತಕ್ಕೆ.

ಹೊರಗೆ ಹೆಂಗಸರ ಅಳು ತಟ್ಟನೆ ನಿಂತಿತು. ಅಮೃತ ಬಾಗಿಲ ಸಂದಿನಿಂದ ನೋಡಿದಳು.

ಒಬ್ಬ ಹೆಂಗಸು ಬಂದಿದ್ದಳು. ಐವತ್ತು ದಾಟಿದವಳು, ಗಟ್ಟಿ ಮೂಳೆಯವಳು, ಬಸ್ಸಿನ ಧೂಳು ಸೀರೆಯ ಅಂಚಿನಲ್ಲಿತ್ತು. ಎಲ್ಲರಂತೆ ಹೂವು ಹಾಕಿ ಕಾಲು ಮುಟ್ಟಲಿಲ್ಲ. ಹೆಣದ ಕಾಲ ಬಳಿ ನಿಂತು, ಏನೋ ಲೆಕ್ಕ ನೋಡುವವಳಂತೆ ಮುಖವನ್ನೇ ನೋಡುತ್ತಿದ್ದಳು. ಅವಳನ್ನು ನೋಡಿದ್ದೇ ಮಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

“ಬಾ ಚಿಕ್ಕವೆಂಕಟಮ್ಮ” ಎಂದಳು ಮಂಗಮ್ಮ ಕೊನೆಗೆ. “ಕೂತ್ಕೋ.”

ಅಮೃತಳ ಕೈಯಲ್ಲಿದ್ದ ಹಾಳೆಗಳು ನೆಲಕ್ಕೆ ಬಿದ್ದವು. ಅದು ರೈಲಿನಲ್ಲಿ ದೊಡ್ಡಪ್ಪ ಹೇಳಿದ್ದ ಹೆಸರು, ಕತೆಯೊಳಗಿನ ಹೆಂಗಸು. ಎಂಟು ವರ್ಷದಲ್ಲಿ ಅವಳು ಫೇರ್ ಕಾಪಿ ಮಾಡಿದ ಯಾರೊಬ್ಬರೂ ಹೀಗೆ ಬಸ್ಸಿಳಿದು ಬಂದಿರಲಿಲ್ಲ.

“ಕೂರಲ್ಲ ಅಕ್ಕ. ನಿಜವೋ ಏನೋ ಅಂತ ನೋಡೋಕೆ ಬಂದೆ. ಬೆಳಗ್ಗೆ ಹಾಲು ಹಾಕೋಕೆ ಹೋದಾಗ ಹೇಳಿದ್ರು. ಹೋದ ತಿಂಗಳು ತಾನೇ ಬಂದಿದ್ರಲ್ಲ, ಚೆನ್ನಾಗಿದ್ರಲ್ಲ ಅಂದೆ.”

“ಎಲ್ಲಿಗೆ ಬಂದಿದ್ರು?” ಎಂದಳು ಮಂಗಮ್ಮ.

“ನಮ್ಮನೆಗೆ. ನಗರಗೆರೆಗೆ. ನಿಮಗೆ ಹೇಳಿರಲಿಲ್ವಾ?”

ಮಂಗಮ್ಮ ಗಂಡನ ಮುಖ ನೋಡಿದಳು. “ಆಸ್ಪತ್ರೆಗೆ ಹೋಗ್ತೀನಿ ಅಂತ ಹೇಳಿ ಎರಡು ಮುದ್ದೆ ಕಟ್ಟಿಸ್ಕೊಂಡು ಹೋದ್ರು ಒಂದಿನ. ಆಸ್ಪತ್ರೆಗೆ ಯಾರಾದ್ರೂ ಮುದ್ದೆ ತಗೊಂಡು ಹೋಗ್ತಾರಾ ಅಂದೆ. ಡಾಕ್ಟರಿಗೆ ತೋರಿಸಬೇಕು ಅಂದ್ರು. ಈವಯ್ಯನಿಗೆ ತಲೆ ಕೆಟ್ಟಿದೆ ಅಂತ ಸುಮ್ನಾದೆ.”

ಅಮೃತ ಹೊರಗೆ ಬಂದಳು. ಅಷ್ಟು ಜನರ ನಡುವೆ ನಡೆದುಕೊಂಡು ಹೋಗಿ ಆ ಹೆಂಗಸಿನ ಮುಂಗೈ ಹಿಡಿದಳು. ಹಾಗೆ ಹಿಡಿದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

“ಬಂದು ಏನು ಮಾಡಿದ್ರು ಅತ್ತೆ? ಹೇಳಿ. ಒಂದೂ ಬಿಡದೆ ಹೇಳಿ.”

“ಯಾರಮ್ಮ ನೀನು?”

“ಅವರ ಕತೆ ಬರ್ಕೊಡೋಳು.”

ಚಿಕ್ಕವೆಂಕಟಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಅಮೃತ ಅವಳನ್ನು ಮನೆಯ ಹಿಂದಿನ ಬಚ್ಚಲ ಒಲೆಯ ಬಳಿಗೆ ಕರೆದುಕೊಂಡು ಹೋದಳು. ಸ್ನಾನದ ನೀರು ಕಾಯಿಸಿದ ಕೆಂಡ ಇನ್ನೂ ಆರಿರಲಿಲ್ಲ. ಮಂಗಮ್ಮನೂ ಎದ್ದು ಹಿಂದೆಯೇ ಬಂದಳು.

“ಹದಿನೆಂಟು ವರ್ಷ ಆದ್ಮೇಲೆ ಬಂದ್ರು” ಎಂದು ಚಿಕ್ಕವೆಂಕಟಮ್ಮ ಶುರುಮಾಡಿದಳು. “ನಾನು ಜಗಲಿ ಸಾರಿಸ್ತಿದ್ದೆ. ಗುರುತು ಹತ್ತಿದ್ದೇ ಮೈಯೆಲ್ಲ ಉರೀತು. ಎದ್ದು ನಡೀರಿ ಅನ್ನೋಣ ಅಂದ್ರೆ ಆವಯ್ಯ ಆಗಲೇ ಜಗಲಿ ಮೇಲೆ ಕೂತು ಡಬ್ಬಿ ಮುಚ್ಚಳ ತೆಗೆದ್ರು. ಎರಡು ಮುದ್ದೆ. ‘ನಂದೂ ನೋಡಮ್ಮ’ ಅಂದ್ರು.”

ಅಮೃತ ಬೆಂಗಳೂರಿನಲ್ಲಿ ಹೇಳಿದ್ದ ಮಾತು ಅದು.

“ಏನು ನೋಡೋದು ಅಂದೆ. ‘ನಾನು ಹೆಂಗೆ ನೋಡ್ತಿದ್ನೋ ಹಂಗೆ’ ಅಂದ್ರು. ನೋಡ್ದೆ! ನಾನೇನು ಬಿಡ್ತೀನಾ? ಎರಡೂ ಮುದ್ದೆ ಮುರಿದೆ. ಒಂದೊಂದನ್ನ ನಾಲ್ಕು ಮಾಡಿ, ಬೆರಳು ಹಾಕಿ ತಡಕಿದೆ. ಗೇಟಲ್ಲಿ ಇವರು ನಮ್ಮ ಡಬ್ಬೀಗೆ ಹಂಗೇ ಬೆರಳು ಹಾಕೋರು. ಆವಯ್ಯ ಮಾತಾಡದೆ ನೋಡ್ತಾ ಕೂತಿದ್ರು. ಏನೂ ಇಲ್ಲ ಹೋಗಿ ಅಂದೆ. ಹೋಗ್ಲಿಲ್ಲ.”

“ಆಮೇಲೆ?”

“ಆಮೇಲೇನು. ಒಲೆ ಮೇಲೆ ಹುರುಳಿ ಸಾರಿತ್ತು. ‘ತಿನಿ ಪೋ’ ಅಂದೆ. ಉಂಡು ಹೋಗು ಅಂತ. ಸಿಟ್ಟು ಬಂದ್ರೆ ನನ್ನ ಬಾಯಿಗೆ ತೆಲುಗೇ ಬರೋದು. ಮುರಿದ ಮುದ್ದೆ ಇಬ್ರೂ ಉಂಡ್ವಿ. ಆವಯ್ಯ ಉಪ್ಪು ಕೇಳಿದ್ರು, ಕೊಟ್ಟೆ. ಕೈ ತೊಳೆದು ಎದ್ದು ಹೋದ್ರು.”

ಮಂಗಮ್ಮ ಗೋಡೆಗೆ ಒರಗಿಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. “ಕ್ಷಮಿಸಿಬಿಟ್ಟೆ ಅಲ್ವೇನಮ್ಮ” ಎಂದಳು.

“ಇಲ್ಲ ಅಕ್ಕ” ಎಂದಳು ಚಿಕ್ಕವೆಂಕಟಮ್ಮ, ಅಷ್ಟೇ ಮೆತ್ತಗೆ. “ಕ್ಷಮಿಸಲಿಲ್ಲ. ಊಟ ಹಾಕ್ದೆ, ಅಷ್ಟೆ.”

ಅಮೃತಳಿಗೆ ತನ್ನ ನೋಟ್‌ಬುಕ್ಕಿನ ಕೊನೆ ನೆನಪಾಯಿತು. ಅದರಲ್ಲಿ ಆ ಹೆಂಗಸು ಅಳುತ್ತಾಳೆ, ಗೇಟ್‌ಮನ್ನನ ಕಾಲಿಗೆ ಬೀಳುತ್ತಾಳೆ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಮುದ್ದೆ ಮುರಿಯುವುದು ಅವಳಿಗೆ ಹೊಳೆದಿರಲಿಲ್ಲ. ಉಪ್ಪು ಹೊಳೆದಿರಲಿಲ್ಲ. ಹಂಗೆ ನಡೆಯಲಿಲ್ಲ ಎಂದು ಹಟ ಹಿಡಿದಿದ್ದ ದೊಡ್ಡಪ್ಪ ಬಸ್ಸು ಹತ್ತಿ ಹೋಗಿ ಅದನ್ನು ನಡೆಸಿ ಬಂದಿದ್ದ. ಬರೆಯುವುದೊಂದು ಬಾಕಿಯಿತ್ತು.

“ಇದನ್ನ ಬರೀಲಾ ಅತ್ತೆ? ಪುಸ್ತಕದಲ್ಲಿ ಬರುತ್ತೆ. ನೀವು ಬೇಡ ಅಂದ್ರೆ ಬೇಡ.”

ಚಿಕ್ಕವೆಂಕಟಮ್ಮ ಒಂದು ಕಡ್ಡಿಯಿಂದ ಕೆಂಡ ಕೆದಕಿದಳು. “ಹೆಸರು ಬೇಡ. ಆದ್ರೆ ತಂತಿ ಎಷ್ಟಿತ್ತು ಅನ್ನೋದು ಸರಿಯಾಗಿ ಬರಿ. ಅವರು ಎರಡು ಕೆಜಿ ಅಂತ ಬರ್ಕೊಂಡ್ರು. ಎರಡು ಕೆಜಿ ಹಿಡಿಯೋಕೆ ಅದೇನು ಮುದ್ದೆನಾ, ಬಿಂದಿಗೆನಾ? ಒಂದು ಗೇಣು ಇತ್ತು ಕಣಮ್ಮ. ಮಗು ಕೈಗೆ ಕಡಗ ಮಾಡಿಸೋಕೆ, ದೃಷ್ಟಿ ಆಗದ ಹಾಗೆ. ಒಂದು ಗೇಣು.”

“ಒಂದು ಗೇಣು” ಎಂದಳು ಅಮೃತ.

* * *

“ಹೆಣ ಎತ್ತೋಕೆ ಮುಂಚೆ ಮನೆ ಹೆಣ್ಣುಮಗಳು ಊರು ಬಿಟ್ಟು ಹೋಗೋದು ಎಲ್ಲಾದ್ರೂ ಉಂಟಾ?” ಬಯ್ಯಪ್ಪ ಚಟ್ಟಕ್ಕೆ ಹಗ್ಗ ಬಿಗಿಯುತ್ತಲೇ ಕೂಗಿದ. “ಸೂತಕದಲ್ಲಿ ಒಬ್ಬರ ಆಫೀಸಿಗೆ ಕಾಲಿಡ್ತಾಳಂತೆ. ಮುನೇಶ ಹೋಗ್ಲಿ.”

“ಮುನೇಶ ಹೋದ್ರೆ ಬೆಂಕಿ ಮಡಕೆ ನೀನು ಹಿಡೀತೀಯಾ?” ಎಂದಳು ಮಂಗಮ್ಮ. ಬೆಳಗಿನಿಂದ ಎದ್ದಿರದ ದನಿ ಅದು. “ನಮ್ಮಲ್ಲಿ ಹೆಂಗಸರು ಗುಂಡಿ ತನಕ ಬರಂಗಿಲ್ಲ ಅಂತ ನೀವೇ ಅಲ್ವಾ ಮೋರಿ ಹತ್ರ ನಿಲ್ಲಿಸಿ ವಾಪಸ್ ಕಳಿಸೋದು? ವಾಪಸ್ ಬಂದು ಇವಳು ಮನೇಲಿ ಕೂತು ಏನು ಮಾಡಬೇಕು? ನೆಲ ಸಾರಿಸೋಕೆ ನಾನಿದೀನಿ. ಅವಳು ಹೋಗ್ತಾಳೆ.”

“ಒಬ್ಬಳೇನಾ?” ಎಂದ ಮುನೇಶ.

ಎಲ್ಲರೂ ಅಮೃತಳ ಕಡೆ ನೋಡಿದರು. ಸಂತೆಗೂ ಒಬ್ಬಳೇ ಹೋಗದ ಹುಡುಗಿ. ಅವಳು ನೆಲ ನೋಡುತ್ತಾ, “ದಾರಿ ಗೊತ್ತಿದೆ” ಎಂದಳು. “ಸ್ಟೇಷನ್ನಲ್ಲಿ ಇಳಿದು, ಸೇತುವೆ ಹತ್ತಿ, ಎರಡನೇ ರಸ್ತೆ, ಬೀಗದ ಅಂಗಡಿ ಪಕ್ಕ ಮೆಟ್ಟಿಲ ಕೆಳಗೆ.”

“ನೋಡಿದ್ಯಾ?” ನಲ್ಲಪ್ಪ ತೊಡೆ ತಟ್ಟಿದ. “ಪೋಸ್ಟ್‌ಮನ್ ಮಾಡಬಹುದು ಇವಳನ್ನ! ಆದ್ರೆ ಅಧ್ಯಾಯ ಎಲ್ಲಮ್ಮ?”

“ಇನ್ನು ಬರೀಬೇಕು.”

“ಅಯ್ಯೋ ದೇವುಡಾ! ಗಂಟೆ ಒಂದಾಗ್ತಾ ಬಂತು!”

“ರೈಲಲ್ಲಿ ಬರೀತೀನಿ. ಎರಡು ಗಂಟೆ ಸಿಗುತ್ತೆ.”

ಆಮೇಲೆ ಆ ಮನೆಯಲ್ಲಿ ಸಾವಿನ ಕೆಲಸವೂ ಪ್ರಯಾಣದ ಕೆಲಸವೂ ಒಂದರೊಳಗೊಂದು ಕಲೆತುಹೋದವು. ಹೂವು ಕಟ್ಟುತ್ತಿದ್ದವರು ಕೈ ಬಿಟ್ಟು ಬಿಳಿ ಹಾಳೆ ಹುಡುಕಿದರು. ಮುನೇಶ ತನ್ನ ಪೆನ್ನು ಕೊಟ್ಟ, ಫೋನನ್ನೂ ಕೊಟ್ಟ. ಚಿಕ್ಕವೆಂಕಟಮ್ಮ ಒಂದು ತಟ್ಟೆಯಲ್ಲಿ ಉಪ್ಪಿಟ್ಟು ತಂದು, “ತಿನಿ ಪೋ” ಎಂದು ಗದರಿ, ತಾನೇ ಎರಡು ತುತ್ತು ಅವಳ ಬಾಯಿಗಿಟ್ಟಳು. ಬಯ್ಯಪ್ಪ ಗೊಣಗುತ್ತ ಗೊಣಗುತ್ತಲೇ ಹಾಳೆ ಇಟ್ಟು ಬರೆಯಲು ಒಂದು ರಟ್ಟು ತಂದುಕೊಟ್ಟ. “ರೈಲು ಕುಲುಕುತ್ತೆ. ಅಕ್ಷರ ಕೆಟ್ರೆ ಅವನು ನನ್ನ ಬಿಡಲ್ಲ” ಎಂದು ಚಟ್ಟದ ಕಡೆ ಗದ್ದ ತೋರಿಸಿದ.

ಅಮೃತ ದೊಡ್ಡಪ್ಪನ ಕಾಲ ಬಳಿ ಕೂತಳು. ಅಳು ಬರಲಿಲ್ಲ. ತಲೆಯ ತುಂಬ ವಾಕ್ಯಗಳು ಸಾಲಾಗಿ ನಿಂತು ನೂಕಾಡುತ್ತಿದ್ದವು. ಅವನ ಹೆಬ್ಬೆರಳು ಮುಟ್ಟಿ, “ಹೋಗಿ ಬರ್ತೀನಿ” ಎಂದಳು.

ತಮಟೆ ಶುರುವಾಯಿತು. ಚಟ್ಟ ಎಡಕ್ಕೆ ಹೊರಟಿತು. ನಲ್ಲಪ್ಪನ ಟಿವಿಎಸ್ ಅವಳನ್ನು ಕೂರಿಸಿಕೊಂಡು ಬಲಕ್ಕೆ ಹಾರಿತು.

“ಗಟ್ಟಿಯಾಗಿ ಹಿಡ್ಕೋ! ಇಪ್ಪತ್ತೆರಡು ವರ್ಷದಲ್ಲಿ ಇವನ ಒಂದು ಕಾಗದಾನೂ ನಾನು ಇಷ್ಟು ಜೋರಾಗಿ ಒಯ್ದಿಲ್ಲ!” ಎಂದು ನಲ್ಲಪ್ಪ ಗಾಳಿಯಲ್ಲಿ ಕೂಗಿದ.

ಸ್ಟೇಷನ್ನಿನ ಮುಂದೆ ಗಾಡಿ ನಿಲ್ಲುವ ಮೊದಲೇ ಅವಳು ಹಾರಿ ಇಳಿದಳು. ಟಿಕೆಟ್ಟಿನ ಕಿಂಡಿಯಲ್ಲಿ “ಬೆಂಗಳೂರು, ಒಂದು” ಎಂದು ಅವಳು ಕೂಗಿದ್ದು ಸಾಲಿನಲ್ಲಿದ್ದ ಎಲ್ಲರಿಗೂ ಕೇಳಿಸಿತು. ರೈಲು ಬಂದೇ ಬಂತು. ಹಣ್ಣಿನ ಬುಟ್ಟಿಯವರು, ಕಾಲೇಜಿನ ಹುಡುಗರು, ಮಗು ಎತ್ತಿಕೊಂಡವರು, ಎಲ್ಲರ ಜೊತೆ ನುಗ್ಗಿ ಹತ್ತಿದಳು. ಕಿಟಕಿಯ ಪಕ್ಕದಲ್ಲಿ ಕೂತಿದ್ದ ಹೆಂಗಸು ಅವಳ ಕೈಯಲ್ಲಿದ್ದ ರಟ್ಟನ್ನೂ ಹಾಳೆಗಳನ್ನೂ ನೋಡಿ, “ಪರೀಕ್ಷೆನೇನಮ್ಮ?” ಎಂದು ಸರಿದು ಜಾಗ ಕೊಟ್ಟಳು.

“ಹೂಂ” ಎಂದಳು ಅಮೃತ.

ಐದಕ್ಕೆ ಮೂರೂವರೆ ಗಂಟೆಯಿತ್ತು. ರೈಲು ಅಲುಗುವುದಕ್ಕೂ ಅವಳು ಅಂಚು ಬಿಟ್ಟು ‘ಇಪ್ಪತ್ತು’ ಎಂದು ಬರೆಯುವುದಕ್ಕೂ ಸರಿಹೋಯಿತು. ಅದರ ಕೆಳಗೆ ಬರೆದಳು: ‘ಗೇಟ್‌ಮನ್ ಆಫೀಸರನ್ನು ಕರೆದ. ತಂತಿ ಒಂದು ಗೇಣು ಇತ್ತು.’ ಒಂದು ಸಾಲು ಬಿಟ್ಟು ಮತ್ತೆ ಬರೆದಳು: ‘ಹದಿನೆಂಟು ವರ್ಷದ ಮೇಲೆ ಅವನು ಎರಡು ಮುದ್ದೆ ಕಟ್ಟಿಸಿಕೊಂಡು ಬಸ್ಸು ಹತ್ತಿದ.’ ರೈಲು ಕುಲುಕುತ್ತಿತ್ತು. ಅಕ್ಷರ ಕೆಡಲಿಲ್ಲ.

ಊರಿನ ಅಂಚಿನಲ್ಲಿ ರೈಲು ಉದ್ದಕ್ಕೆ ಕೂಗು ಹಾಕಿತು. ಅವಳು ತಲೆಯೆತ್ತಿದಳು. ರಸ್ತೆಗೆ ಅಡ್ಡವಾಗಿ ರೈಲ್ವೆ ಗೇಟು ಬಿದ್ದಿತ್ತು. ಅದರಾಚೆ ಎರಡು ಲಾರಿ, ಒಂದು ಎತ್ತಿನ ಗಾಡಿ, ಅವುಗಳ ಮುಂದೆ ಸೇವಂತಿಗೆ ಮುಚ್ಚಿದ ಚಟ್ಟ. ಮಸಣಕ್ಕೆ ಹಳಿ ದಾಟಿಯೇ ಹೋಗಬೇಕು. ಬೆಂಕಿ ಮಡಕೆ ಹಿಡಿದ ಮುನೇಶ ರೈಲಿನ ಕಿಟಕಿಗಳನ್ನು ಒಂದೊಂದಾಗಿ ಹುಡುಕುತ್ತಿದ್ದ. ಬಯ್ಯಪ್ಪ ಚಟ್ಟದ ಬೊಂಬನ್ನು ಹೆಗಲಿಂದ ಹೆಗಲಿಗೆ ಬದಲಿಸುತ್ತ ಒಂದು ಕೈ ಮೇಲೆತ್ತಿದ. ತಮಟೆಯವರು ಸುಮ್ಮನೆ ನಿಂತಿದ್ದರು.

ಹಳಿಯ ಪಕ್ಕದಲ್ಲಿ, ಅವರಿಗೆ ಬೆನ್ನು ಹಾಕಿ, ರೈಲ್ವೆಯ ಗೇಟ್‌ಮನ್ ನೆಟ್ಟಗೆ ನಿಂತು ಅವಳ ರೈಲಿಗೆ ಹಸಿರು ಬಾವುಟ ಹಿಡಿದಿದ್ದ.